ಅವ್ವನ ಮುಂಗೈ

ನಮ್ಮ ಮನೆಯಲ್ಲಿ ರಾಗಿಮುದ್ದೆ ತಿರುವುವ ಹಿಟ್ಟಿನ ಕೋಲು ಯಾರ ಕೈಯಲ್ಲಿದೆಯೋ ಅಡುಗೆಮನೆ ಅವರದು. ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಮನೆಯ ಬೆಕ್ಕಿಗೂ ಗೊತ್ತಿತ್ತು. ತಾಂಡವಪುರದಿಂದ ನಂಜನಗೂಡಿನ ಕಡೆಗೆ ಒಂದಿಷ್ಟು ದೂರ ಬಂದು, ರೈಲುಹಳಿ ದಾಟಿ, ನಾಲೆಯ ಏರಿ ಹಿಡಿದು ನಡೆದರೆ ನಮ್ಮ ನಾಡಹೆಂಚಿನ ಮನೆ ಸಿಗುತ್ತಿತ್ತು. ಮುಂದೆ ಜಗಲಿ, ಒಳಗೆ ನಡುಮನೆ, ಅದರ ಪಕ್ಕಕ್ಕೆ ರಾಗಿ ಮೂಟೆಯ ಕೋಣೆ, ಎಲ್ಲಕ್ಕೂ ಹಿಂದೆ ಅಡುಗೆಮನೆ. ಅಡುಗೆಮನೆಗೆ ಕಿಟಕಿಯೇ ಇರಲಿಲ್ಲ. ಹೆಂಚುಗಳ ನಡುವೆ ಕೂರಿಸಿದ್ದ ಒಂದು ಗಾಜಿನಿಂದ ಇಳಿಯುವ ಬೆಳಕೇ ಬೆಳಕು, ಅದು ಒಲೆಯ ಮುಂದೆಯೇ ಬೀಳುತ್ತಿತ್ತು. ಒಂದು ಕಾಲಕ್ಕೆ ಅಲ್ಲಿ ಅಜ್ಜಿ ಕೂರುತ್ತಿದ್ದಳಂತೆ. ತೋಳು ಸೋತ ಮೇಲೆ ಅಜ್ಜಿ ಕೋಲನ್ನು ಹಿರಿಯ ಸೊಸೆಯಾದ ನಮ್ಮವ್ವನ ಕೈಗೆ ಕೊಟ್ಟು, ತಾನು ಎಲೆಅಡಿಕೆ ಚೀಲದ ಸಮೇತ ಜಗಲಿಗೆ ಬಂದು ಕೂತಳು. ಅಂದಿನಿಂದ ಉಪ್ಪು ಎಷ್ಟು, ಖಾರ ಎಷ್ಟು, ಯಾರ ತಟ್ಟೆಗೆ ಎಷ್ಟು ಎಂಬುದೆಲ್ಲ ಅವ್ವನ ಮಾತು. ನಮ್ಮ ಚಿಕ್ಕವ್ವ, ಅಂದರೆ ಅಪ್ಪನ ತಮ್ಮನ ಹೆಂಡತಿ, ಖಾರ ಅರೆಯುವಳು, ನೀರು ತರುವಳು, ಆದರೆ ಕೋಲು ಮುಟ್ಟುತ್ತಿರಲಿಲ್ಲ.

ಅವ್ವ ಹಿಟ್ಟು ತಿರುವುವಾಗ ನಾನು ಒಲೆಯ ಈಚೆ ಬದಿಗೆ ಕೂತಿರುತ್ತಿದ್ದೆ. ಕುಳ್ಳಿಯಾದ ನನ್ನ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಅವಳ ಮುಂಗೈ ಬರುತ್ತಿತ್ತು. ನಿಜ ಹೇಳಬೇಕೆಂದರೆ ಅವಳ ಮುಖಕ್ಕಿಂತ ಆ ಮುಂಗೈಯೇ ನನಗೆ ಚೆನ್ನಾಗಿ ನೆನಪಿದೆ. ಪಾತ್ರೆ ಅಲುಗದಂತೆ ಕವೆಗೋಲನ್ನು ಕಾಲಿನಿಂದ ಒತ್ತಿ ಹಿಡಿದು, ಹಸಿರು ಗಾಜಿನ ಬಳೆಗಳನ್ನು ಮೇಲಕ್ಕೆ ತಳ್ಳಿಕೊಳ್ಳುವಳು. ಬಳೆಗಳು ಮೊಣಕೈವರೆಗೆ ಹೋಗುತ್ತಿರಲಿಲ್ಲ. ಮುಂಗೈ ದಪ್ಪವಾಗುವ ಜಾಗದಲ್ಲಿ ಗಚ್ಚನೆ ಕಚ್ಚಿಕೊಂಡು ನಿಲ್ಲುತ್ತಿದ್ದವು. ಆಮೇಲೆ ಕೋಲು ತಿರುಗುವುದು. ಕೋಲು ತಿರುಗಿದಂತೆ ಚರ್ಮದ ಅಡಿಯಲ್ಲಿ ಏನೇನೋ ಏಳುವುದು, ಸರಿಯುವುದು, ಅಡಗುವುದು. ಮಣಿಕಟ್ಟಿನ ಹತ್ತಿರ ಹುರಿ ಬಿಗಿದಂತೆ ಕಾಣುವುದು. ಆ ಹುರಿ ಮುಟ್ಟಲು ಕೈ ಚಾಚಿ, ಎಷ್ಟೋ ಸಲ ಬೈಸಿಕೊಂಡಿದ್ದೇನೆ.

"ಇಟ್ಟು ಸಿಡಿತದೆ, ದೂರ ಕೂತ್ಕೊ ಮಗ. ನನ್ನ ಕೈಲೇನು ಸಿನಿಮಾ ತೋರುಸ್ತಾರಾ?"

ತೋರಿಸುತ್ತಿದ್ದರು. ಈಗ ಮೈಸೂರಿನ ಒಂದು ಕಾಲೇಜಿನಲ್ಲಿ ಹುಡುಗ ಹುಡುಗಿಯರಿಗೆ ಅಂಗರಚನೆಯ ಪಾಠ ಹೇಳುವ ನನಗೆ ಆ ಸಿನಿಮಾದ ಪಾತ್ರಧಾರಿಗಳ ಹೆಸರೆಲ್ಲ ಬಾಯಿಪಾಠ. ಬೆರಳು ಮಡಚುವ ದೊಡ್ಡ ಸ್ನಾಯುಗಳು ಬೆರಳಿನಲ್ಲಿ ಇಲ್ಲವೇ ಇಲ್ಲ, ಮುಂಗೈಯಲ್ಲಿ ಕೂತು ದೂರದಿಂದ ಹಗ್ಗ ಎಳೆಯುತ್ತವೆ ಅಂದರೆ ಪ್ರತಿ ವರ್ಷವೂ ಹಿಂದಿನ ಬೆಂಚಿನವರು ತಮ್ಮ ಬೆರಳನ್ನೇ ಅನುಮಾನದಿಂದ ನೋಡಿಕೊಳ್ಳುತ್ತಾರೆ. ಒಳಬದಿಯವು ಬೆರಳು ಮಡಚುತ್ತವೆ, ಹೊರಗಿನ ಬೆನ್ನಬದಿಯವು ಮಣಿಕಟ್ಟನ್ನೂ ಬೆರಳನ್ನೂ ಎತ್ತುತ್ತವೆ. ಹಾಗಾದರೆ ಮುಷ್ಟಿ ಹಿಡಿಯುವ ಶಕ್ತಿ ಯಾವ ಬದಿಯದು ಎಂದು ಕೇಳಿದರೆ ಎಲ್ಲರೂ ಒಳಬದಿ ಅಂತಲೇ ಕೂಗುತ್ತಾರೆ. ನಾನು ಅವರ ಮೇಲೆ ರೇಗುವುದಿಲ್ಲ. ನಮ್ಮಜ್ಜಿಯೂ ಹಾಗೇ ಅಂದುಕೊಂಡಿದ್ದಳು, ನಾವೆಲ್ಲರೂ ಹಾಗೇ ಅಂದುಕೊಂಡಿದ್ದೆವು.

ಗೌರಿಹಬ್ಬಕ್ಕೆ ಮುಂಚೆ ದೊಡ್ಡ ಪಾತ್ರೆ ಇಳಿಸಲು ಅವ್ವ ಅಟ್ಟಕ್ಕೆ ಏಣಿ ಹಾಕಿದಳು. ಸಗಣಿ ಸಾರಿಸಿದ ನೆಲ ಇನ್ನೂ ಹಸಿಯಾಗಿತ್ತು, ಏಣಿ ಜಾರಿತು. ಅವಳ ಬಲತೋಳು ಒರಳುಕಲ್ಲಿನ ಅಂಚಿಗೆ ಬಡಿಯಿತು. ಲಟಕ್ ಎಂದ ಆ ಸದ್ದು ನನಗೆ ನಡುಮನೆಯವರೆಗೂ ಕೇಳಿಸಿತ್ತು. ನಂಜನಗೂಡಿನ ಆಸ್ಪತ್ರೆಯಲ್ಲಿ ಪ್ಲಾಸ್ಟರು ಹಾಕಿದರು. ಕೈ ಮಣಿಕಟ್ಟಿನಿಂದ ಕೆಳಕ್ಕೆ ಜೋತು ಬಿದ್ದಿತ್ತು. ನೋವಿಗೆ ಹಾಗಾಗಿದೆ, ಪ್ಲಾಸ್ಟರು ಬಿಚ್ಚಿದ ದಿನ ಏಳುತ್ತದೆ ಎಂದು ನಾವು ನಾವೇ ತೀರ್ಮಾನ ಮಾಡಿಕೊಂಡೆವು. ನರಕ್ಕೂ ಪೆಟ್ಟಾಗಿದೆ ಎಂದು ಡಾಕ್ಟರು ಅವತ್ತೇ ಹೇಳಿದ್ದರಂತೆ, ಆ ಗಾಬರಿಯಲ್ಲಿ ಕೇಳಿಸಿಕೊಂಡವರು ಯಾರು? ಪ್ಲಾಸ್ಟರು ಬಿಚ್ಚಿದರು. ಮೂಳೆ ಕೂಡಿತ್ತು. ಕೈ ಏಳಲಿಲ್ಲ.

ಅಲ್ಲಿಂದಾಚೆ ಮನೆಯ ನಕ್ಷೆಯೇ ಬದಲಾಯಿತು. ಕೋಲು ಚಿಕ್ಕವ್ವನ ಪಾಲಿಗೆ ಬಂತು. ಪಾಪ, ಅವಳು ಕೇಳಿ ಪಡೆದದ್ದಲ್ಲ. ಆದರೂ ಮೊದಲ ದಿನ ಕೋಲು ಹಿಡಿದಾಗ ಅವಳ ಬೆನ್ನು ಸ್ವಲ್ಪ ನೆಟ್ಟಗಾಗಿದ್ದನ್ನು ನಾನು ನೋಡಿದೆ. ಅವಳ ಮುದ್ದೆಯಲ್ಲಿ ಗಂಟೋ ಗಂಟು. ಅಪ್ಪ ತುತ್ತು ಮುರಿದು, ಗಂಟನ್ನು ತಟ್ಟೆಯಂಚಿಗೆ ಸರಿಸಿ ಉಣ್ಣುವನು. ಅವ್ವ ಅಡುಗೆಮನೆಯ ಹೊಸ್ತಿಲಿನ ಈಚೆಗೆ, ಬಲಗೈಯನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಿರುವಳು. ಬಳೆಗಳು ಈಗ ಎಲ್ಲಿಯೂ ಕಚ್ಚುತ್ತಿರಲಿಲ್ಲ, ಕೈ ಎತ್ತಿದರೆ ಗಲಗಲ ಎಂದು ಮೊಣಕೈವರೆಗೆ ಇಳಿಯುತ್ತಿದ್ದವು. ನನಗೆ ಅವಳು ಜಡೆ ಹಾಕುವುದೂ ನಿಂತಿತು. ಚಿಕ್ಕವ್ವ ಜಡೆ ಹೆಣೆದರೆ ಹುಬ್ಬು ಮೇಲಕ್ಕೆ ಹೋಗುವಷ್ಟು ಬಿಗಿ. ಅವ್ವನ ಕೈ ಬೇಕು ಎಂದು ನಾನು ಅತ್ತಾಗ, ಅವ್ವ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು.

ಅಜ್ಜಿ ತನ್ನ ಕೈಲಾದ ಚಿಕಿತ್ಸೆ ನಡೆಸಿದಳು. ಸಂಜೆ ಹರಳೆಣ್ಣೆ ಬಿಸಿ ಮಾಡಿ, ಮುಂಗೈಯ ಒಳಬದಿಯನ್ನು, ಆ ಮೆತ್ತನೆ ಮಾಂಸದ ಕಡೆಯನ್ನು, ತಿಕ್ಕಿದ್ದೇ ತಿಕ್ಕಿದ್ದು. ಹಿಡಿಯುವ ಬಲ ಅಲ್ಲೇ ಇರುವುದು ಎಂದು ಅವಳ ಲೆಕ್ಕ. ಹಿಚುಕಿ ಅಭ್ಯಾಸ ಮಾಡಲಿ ಎಂದು ರಾಗಿಹಿಟ್ಟಿನ ಉಂಡೆ ಬೇರೆ ಕೊಡುವಳು. ಜೋತುಬಿದ್ದ ಕೈಯಿಂದ ಉಂಡೆ ಜಾರಿ ಜಾರಿ ಬೀಳುವುದು. ಮತ್ತೆ ಆಸ್ಪತ್ರೆಗೆ ಹೋದಾಗ ಅಜ್ಜಿಯೂ ಬಂದಿದ್ದಳು. ಡಾಕ್ಟರು ಅವಳ ಎಣ್ಣೆಯ ಕಥೆ ಕೇಳಿ ನಕ್ಕರು. ಬೈಯಲಿಲ್ಲ.

"ಅಜ್ಜಿ, ನೀವು ಎಣ್ಣೆ ಹಚ್ಚಿರೋ ಕಡೆ ಖಂಡ ಚೆನ್ನಾಗೇ ಇದೆ. ಮಲಗಿರೋದು ಮುಂಗೈ ಬೆನ್ನ ಕಡೇದು. ನೋಡಿ ಇಲ್ಲಿ."

ಅವರು ಅವ್ವನ ಮಣಿಕಟ್ಟಿನ ಕೆಳಗೆ ತಮ್ಮ ಅಂಗೈ ಕೊಟ್ಟು ಮೇಲಕ್ಕೆ ಎತ್ತಿ, ತಮ್ಮ ಬೆರಳು ಹಿಡಿಯಲು ಹೇಳಿದರು. ಅವ್ವ ಹಿಡಿದಳು. ಡಾಕ್ಟರು ಎಳೆದರೂ ಬೆರಳು ಬಿಡಿಸಿಕೊಳ್ಳಲಾಗಲಿಲ್ಲ. ಅಂಗೈ ತೆಗೆದರು, ಕೈ ಜೋತುಬಿತ್ತು, ಹಿಡಿತ ಹೋಯಿತು. ಅಪ್ಪ ಬಾಗಿಲ ಹತ್ತಿರ ನಿಂತು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ನರ ಕಡಿದಿಲ್ಲ, ಜಜ್ಜಿದೆ, ನಿಧಾನಕ್ಕೆ ಚೇತರಿಸಿಕೊಳ್ಳುತ್ತದೆ ಎಂದರು ಡಾಕ್ಟರು. ಹೆಬ್ಬೆರಳು ಮೇಲಾಗಿ ಚೊಂಬು ಎತ್ತುವಾಗ ಮೊಣಕೈಯಿಂದ ಕೆಳಕ್ಕೆ ಒಂದು ಖಂಡ ಗೆರೆಯಂತೆ ಎದ್ದು ನಿಲ್ಲಬೇಕು, ಮೊದಲು ಅದು ಏಳುತ್ತದೆ, ಆಮೇಲೆ ಮಣಿಕಟ್ಟು, ಆಮೇಲೆ ಬೆರಳು, ಎಲ್ಲಕ್ಕೂ ಕೊನೆಗೆ ಹೆಬ್ಬೆರಳು ಎಂದು ತಮ್ಮ ಕೈಯಲ್ಲೇ ತೋರಿಸಿದರು. ಆ ಖಂಡದ ಹೆಸರು ಬ್ರೇಕಿಯೋರೇಡಿಯಾಲಿಸ್ ಎಂದು ನಾನು ಎಷ್ಟೋ ವರ್ಷದ ಮೇಲೆ ಕಲಿತೆ. ಅವತ್ತು ಅದು ನನ್ನ ಪಾಲಿಗೆ ಚೊಂಬಿನ ಖಂಡ. ಅದು ಏಳಲಿ ದೇವರೇ ಎಂದು ದೀಪ ಹಚ್ಚುವಾಗಲೆಲ್ಲ ಬೇಡಿಕೊಳ್ಳುತ್ತಿದ್ದೆ.

ಅಲ್ಲಿಯವರೆಗೆ ಮಣಿಕಟ್ಟನ್ನು ಎತ್ತಿ ಹಿಡಿಯಲು ಒಂದು ಪ್ಲಾಸ್ಟಿಕ್ ಪಟ್ಟಿ ಹೇಳಿದರು. ಅಪ್ಪ ಮೈಸೂರಿನಿಂದ ತಂದ. ಅದರ ಆಯಸ್ಸು ಬಹಳ ಕಡಿಮೆ. ಅವ್ವ ಮುಸುರೆ ತೊಳೆಯಲು ಹೋಗಿ ನೆನೆಸಿಕೊಂಡು ಬಂದಳು, ಅಜ್ಜಿ ಅದನ್ನು ಮಳೆಯಲ್ಲಿ ನೆನೆದ ಚಪ್ಪಲಿಯಂತೆ ಒಲೆದಂಡೆಯ ಮೇಲೆ ಒಣಗಲು ಇಟ್ಟಳು. ತೆಗೆದು ನೋಡಿದರೆ ಅದು ಒಳ್ಳೆ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಅಜ್ಜಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಬಿಸಿ ತಡಿಯದ ಇದು ಅದೆಂಥ ಔಷಧಿ ಎಂದು ಪಟ್ಟಿಗೇ ಬೈದಳು.

ಮಾರನೆಯ ದಿನ ಚಿಕ್ಕವ್ವ ತನ್ನ ತವರಿಗೆ ಹೋಗಿದ್ದಳು. ಸಂಜೆ ಅವ್ವ ತಾನೇ ಒಲೆ ಮುಂದೆ ಕೂತಳು. ಅಜ್ಜಿ ಬೇಡವೆಂದರೂ ಕೇಳಲಿಲ್ಲ. ಎಡಗೈಯಲ್ಲಿ ಕೋಲು ಹಿಡಿದು ಬಲಗೈಯನ್ನು ಅದರ ಮೇಲೆ ಇಟ್ಟುಕೊಂಡಳು. ಕೋಲು ಅರ್ಧ ಸುತ್ತು ಹೋಗುವುದರಲ್ಲಿ ಬಲಗೈ ಜಾರಿ ಬಿತ್ತು. ಮತ್ತೆ ಇಟ್ಟಳು, ಮತ್ತೆ ಬಿತ್ತು. ಅವಳ ಕಣ್ಣಲ್ಲಿ ನೀರು ಬಂತು. ಹೊಗೆಯ ನೀರಲ್ಲ ಅದು. ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸುತ್ತಿದ್ದ ಅಪ್ಪ ಆಗಷ್ಟೇ ಶಿಫ್ಟು ಮುಗಿಸಿ ಬಂದು ಕೈಕಾಲು ತೊಳೆಯುತ್ತಿದ್ದ. ಅಡುಗೆಮನೆಯೊಳಗೆ ಅವನು ಕೂತದ್ದನ್ನು ನಾನು ಕಂಡೇ ಇರಲಿಲ್ಲ. ಹೆಂಡತಿಯ ಜೊತೆ ನಾಲ್ಕು ಜನರ ಮುಂದೆ ಮಾತಾಡುವುದೂ ಅವನಿಗೆ ನಾಚಿಕೆ. ನೀರು ಬೇಕಾದರೆ ನನ್ನನ್ನು ಕರೆದು, ನಿಮ್ಮವ್ವಂಗೆ ಏಳು ಎನ್ನುವಂಥವನು. ಅವತ್ತು ಒದ್ದೆ ಕೈಯಲ್ಲೇ ಹೊಸ್ತಿಲು ದಾಟಿ ಬಂದು ಅವ್ವನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ. ಅವಳ ಮಣಿಕಟ್ಟಿನ ಕೆಳಗೆ ತನ್ನ ಅಂಗೈ ಕೊಟ್ಟು ಮೇಲಕ್ಕೆ ಎತ್ತಿದ.

"ಈಗ ಇಡ್ಕೊ."

"ಅಯ್ಯೋ, ನೀವು ಎದ್ದೋಗಿ. ಅತ್ತೆ ನೋಡ್ತಾವ್ರೆ."

"ನೋಡ್ಲಿ ಬುಡು. ಲೇತಲ್ಲಿ ಟೂಲು ಎತ್ರಕ್ಕೆ ಬರ್ಲಿ ಅಂತ ಅಡಿಗೆ ಪ್ಯಾಕಿಂಗ್ ತಗಡು ಕೊಡಲ್ವಾ, ಅಂಗೇ ಇದೂವೆ. ಇಡ್ಕೊ."

ಅವ್ವ ಹಿಡಿದಳು. ಬೆರಳುಗಳು ಕೋಲಿನ ಸುತ್ತ ಮುಚ್ಚಿಕೊಂಡವು. ಅವಳು ತಿರುವಿದ ಹಾಗೆ ಅವನ ಕೈಯೂ ತಿರುಗಿತು. ಆ ದಿನದ ಮುದ್ದೆ ಸ್ವಲ್ಪ ಮೆತ್ತಗಾಗಿತ್ತು, ಆದರೆ ಒಂದು ಗಂಟೂ ಇರಲಿಲ್ಲ. ಗಂಡಸು ಒಲೆ ಮುಂದೆ ಕೂರುವುದು ಯಾವ ಸೀಮೆ ಪದ್ಧತಿ ಎಂದು ಅಜ್ಜಿ ಗೊಣಗಿದಳು, ಗೊಣಗುತ್ತಲೇ ಇನ್ನೊಂದು ಮುದ್ದೆ ಹಾಕಿಸಿಕೊಂಡಳು. ಚಿಕ್ಕವ್ವ ವಾಪಸು ಬಂದ ಮೇಲೆ ಬೆಳಗಿನ ಹಿಟ್ಟು ಅವಳದು, ಸಂಜೆಯದು ಅವ್ವನದು ಎಂದು ತಾನಾಗಿಯೇ ಹೊಂದಿಕೊಂಡಿತು.

ಆ ಸಂಜೆಗಳೇ ನನ್ನ ಬಾಲ್ಯ. ಉಳಿದದ್ದೆಲ್ಲ ಅದರ ಅಕ್ಕಪಕ್ಕ. ಚಾಮರಾಜನಗರದ ರೈಲು ಕೂಗಿದ ಸ್ವಲ್ಪ ಹೊತ್ತಿಗೆ ಅಪ್ಪನ ಸೈಕಲ್ಲಿನ ಸದ್ದು ಬರುವುದು. ಅವ್ವ ಅಷ್ಟರಲ್ಲಿ ಮುಖ ತೊಳೆದು, ಎಸರು ಇಟ್ಟು ಕಾಯುವಳು. ಅವನು ಬಂದು ಪಕ್ಕದಲ್ಲಿ ಕೂರುವನು. ಅವನ ಮೈಯ ಗ್ರೀಸಿನ ವಾಸನೆ, ಒಲೆಯ ಹೊಗೆ, ನಾನು ಸುಲಿಯುತ್ತಿದ್ದ ಅವರೆಕಾಯಿಯ ಸೊಗಡು, ಮೂರೂ ಸೇರಿದ ಆ ಗಾಳಿ ಈಗ ಎಲ್ಲಾದರೂ ಸಿಕ್ಕೀತೇ ಎಂದು ಎಷ್ಟು ಸಲ ಹಂಬಲಿಸಿದ್ದೇನೋ. ಕೋಲಿನ ಮೇಲೆ ಕೈಯಿಟ್ಟುಕೊಂಡೇ ಅವರು ಮಾತಾಡಲು ಶುರುಮಾಡಿದರು. ಅವನು ಫೋರ್‌ಮನ್ನನ್ನು ಅಣಕಿಸುವನು. ಅವಳು ತನ್ನ ಊರು ಮೂಗೂರಿನ ಸುದ್ದಿ ಹೇಳುವಳು, ಚಿಕ್ಕವಳಿದ್ದಾಗ ಹುಣಸೆಮರ ಹತ್ತಿ ಇಳಿಯಲಾಗದೆ ಅತ್ತದ್ದನ್ನು ಹೇಳುವಳು. ಅಪ್ಪ ನಗುವನು. ಅಪ್ಪನಿಗೆ ಗಟ್ಟಿಯಾಗಿ ನಗಲು ಬರುತ್ತದೆಂದು ನನಗೆ ಗೊತ್ತಾದದ್ದೇ ಆಗ. ಹಿಟ್ಟು ಬೆಂದು ಕೋಲಿಗೆ ಅಂಟದ ಹದಕ್ಕೆ ಬಂದ ಮೇಲೂ ಅವರಿಬ್ಬರೂ ಸ್ವಲ್ಪ ಹೊತ್ತು ತಿರುವುತ್ತಲೇ ಇರುತ್ತಿದ್ದರು.

ಅವರೆಕಾಯಿ ಇನ್ನೂ ಹೊಸದಾಗಿ ಬರುತ್ತಿದ್ದ ಕಾಲದಲ್ಲಿ, ಒಂದು ಬೆಳಿಗ್ಗೆ ನಾನು ಹಿತ್ತಲಿಗೆ ಹೋದೆ. ಅವ್ವ ನನಗೆ ಬೆನ್ನು ಮಾಡಿ ಬಚ್ಚಲಿನ ಹಂಡೆಯಿಂದ ನೀರು ತೋಡುತ್ತಿದ್ದಳು. ಬಲಗೈಯಲ್ಲಿ. ಚೊಂಬು ಮೇಲಕ್ಕೆ ಬಂತು, ಮೊಣಕೈಯಿಂದ ಕೆಳಕ್ಕೆ ಆ ಗೆರೆ ಎದ್ದು ನಿಂತಿತು. ಅದೊಂದೇ ಆಗಿದ್ದರೆ ಹೊಸದಾಗಿ ಎದ್ದಿದೆ ಅನ್ನಬಹುದಿತ್ತು. ಆದರೆ ಮಣಿಕಟ್ಟೂ ನೆಟ್ಟಗಿತ್ತು, ಚೊಂಬಿನ ಭಾರಕ್ಕೂ ಬಾಗಲಿಲ್ಲ. ನಾನು ಕೇಕೆ ಹಾಕಲು ಬಾಯಿ ತೆರೆದೆ. ಅವ್ವ ತಿರುಗಿ ನೋಡಿದಳು. ಚೊಂಬು ಕೆಳಗಿಟ್ಟು ಓಡಿಬಂದು ನನ್ನ ಬಾಯಿಗೆ ಒದ್ದೆ ಕೈ ಮುಚ್ಚಿದಳು.

"ಸುಮ್ಕಿರು ಕಣವ್ವ. ಯಾರ್ಗೂ ಏಳ್ಬೇಡ."

"ಕೈ ವಾಸಿ ಆಗೋಯ್ತಲ್ಲವ್ವ! ಅಜ್ಜಿಗೆ ಏಳ್ತಿನಿ!"

"ಬ್ಯಾಡ ಅಂದ್ನಲ್ಲ. ಇನ್ನೊಂದೀಟು ದಿನ ಓಗ್ಲಿ."

"ಯಾಕೆ?"

ಅವ್ವನ ಕಿವಿ ಕೆಂಪಾಗಿತ್ತು. ನನ್ನನ್ನು ಬಚ್ಚಲಿನ ಗೋಡೆಯ ಮರೆಗೆ ಕೂರಿಸಿಕೊಂಡು, ಚಿಕ್ಕವ್ವ ಬಿಗಿದಿದ್ದ ಜಡೆಯನ್ನು ಬಿಚ್ಚಿ, ಬಲಗೈ ಬೆರಳನ್ನೇ ಬಾಚಣಿಗೆ ಮಾಡಿಕೊಂಡು ನಿಧಾನವಾಗಿ ತಲೆ ಸವರಿದಳು. ನನ್ನ ಬಾಯಿ ಮುಚ್ಚಿಸಲು ಅದಕ್ಕಿಂತ ದೊಡ್ಡ ಲಂಚ ಬೇಕಿರಲಿಲ್ಲ. ಸಂಜೆ ಏನಾಗುತ್ತದೋ ಎಂದು ಕಾದೆ. ರೈಲು ಕೂಗಿತು, ಸೈಕಲ್ಲು ಬಂತು, ಅಪ್ಪ ಬಂದು ಕೂತ. ಅವ್ವನ ಕೈ ಮೊದಲಿನಂತೆಯೇ ಜೋತುಬಿತ್ತು. ಅಪ್ಪ ಅದರ ಕೆಳಗೆ ಅಂಗೈ ಕೊಟ್ಟ. ಅವ್ವ ನನ್ನ ಕಡೆ ಒಂದು ಸಲ ನೋಡಿ ಕಣ್ಣು ಕೆಳಗೆ ಹಾಕಿದಳು. ಯಾಕೆ ಎಂಬುದಕ್ಕೆ ಉತ್ತರ ನನಗೆ ಸಿಕ್ಕಿತು. ಆ ವಯಸ್ಸಿಗೆ ಎಷ್ಟು ಅರ್ಥವಾಯಿತೋ ಕಾಣೆ, ನಾನು ತಲೆ ಬಗ್ಗಿಸಿ ಅವರೆಕಾಯಿ ಸುಲಿಯತೊಡಗಿದೆ.

ಅವರೆ ಮುಗಿಯುವ ಹೊತ್ತಿನವರೆಗೂ ಹಾಗೇ ನಡೆಯಿತು. ಬೆಳಿಗ್ಗೆ ಬಚ್ಚಲ ಮರೆಯಲ್ಲಿ ನನ್ನ ತಲೆಗೂದಲು ಅವ್ವನ ಕೈಗೆ, ಸಂಜೆ ಒಲೆ ಮುಂದೆ ಅವ್ವನ ಕೈ ಅಪ್ಪನ ಕೈಗೆ. ಇಷ್ಟು ಸುಖವಾದ ಗುಟ್ಟು ನನ್ನ ಬದುಕಿನಲ್ಲಿ ಮತ್ತೆ ಸಿಗಲಿಲ್ಲ. ಅದು ಮುರಿದದ್ದು ನನ್ನ ದೆಸೆಯಿಂದಲೇ. ಒಂದು ಸಂಜೆ ಚಿಕ್ಕವ್ವ ಪಕ್ಕದ ಒಲೆಯಿಂದ ಸಾರಿನ ಪಾತ್ರೆ ಇಳಿಸುವಾಗ ಮಸಿಬಟ್ಟೆ ಜಾರಿತು. ಪಾತ್ರೆ ವಾಲಿದ್ದು ಕೆಳಗೆ ಕೂತಿದ್ದ ನನ್ನ ಕಡೆಗೆ. ಅವ್ವ ಅಪ್ಪನ ಅಂಗೈಯಿಂದ ತನ್ನ ಬಲಗೈ ಕಿತ್ತುಕೊಂಡು, ಬೆರಳು ಅಗಲಿಸಿ, ಕುದಿಯುವ ಪಾತ್ರೆಯ ಕಂಠವನ್ನು ಗಬಕ್ಕನೆ ಹಿಡಿದಳು. ಹಿಡಿದು, ಅಲುಗದೆ, ನೆಲಕ್ಕೆ ಇಟ್ಟಳು. ಒಂದು ಹನಿಯೂ ನನ್ನ ಮೇಲೆ ಬೀಳಲಿಲ್ಲ. ಆಮೇಲೆ ಎಲ್ಲರೂ ಅವಳ ಕೈ ನೋಡಿದರು. ಅದು ನೆಟ್ಟಗೆ, ಬಿಗಿಯಾಗಿ, ಇನ್ನೂ ಪಾತ್ರೆಯ ಮೇಲೇ ಇತ್ತು.

"ಕೈ ಬಂತಲ್ಲೇ ತಾಯಿ! ನಂಜುಂಡಪ್ಪ ಕಾಪಾಡ್ದ!" ಎಂದು ಅಜ್ಜಿ ಕಿರುಚಿದಳು.

ಅಪ್ಪ ಸುಟ್ಟಿದ್ದ ಅವಳ ಅಂಗೈಯನ್ನು ತಣ್ಣೀರಿನ ಬೋಗುಣಿಯಲ್ಲಿ ಅದ್ದಿ, ನೀರೊಳಗೇ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದ. ಅಡುಗೆಮನೆಯಲ್ಲಿ ಅವನು ಹಾಗೆ ಕೂತದ್ದು ಅದೇ ಕೊನೆ. ಬೊಬ್ಬೆ ಮಾಯ್ದ ಮೇಲೆ ಎರಡು ಹೊತ್ತಿನ ಕೋಲೂ ಅವ್ವನ ಕೈಗೆ ಬಂತು. ಅವಳು ಬಯಸಿದ್ದ ಜಾಗ ಅವಳಿಗೆ ಸಿಕ್ಕಿತು. ಕೆಲವು ತಿಂಗಳಲ್ಲಿ ಬಳೆಗಳು ಮತ್ತೆ ಹಳೆಯ ಜಾಗದಲ್ಲಿ ಕಚ್ಚಿಕೊಂಡವು. ಆದರೆ ರೈಲು ಕೂಗಿದಾಗ ಅವಳ ಕೈ ಕೋಲಿನ ಮೇಲೆ ಒಂದು ಗಳಿಗೆ ನಿಲ್ಲುತ್ತಿತ್ತು. ಅಪ್ಪ ಬಂದು, ಕೈಕಾಲು ತೊಳೆದು, ನಡುಮನೆಯಲ್ಲಿ ಕೂತು, ನಿಮ್ಮವ್ವಂಗೆ ನೀರು ಕೊಡಕೇಳು ಎನ್ನುವನು. ನಾನು ಒಳಗೆ ಹೋಗಿ ಹೇಳುವೆನು. ಅಷ್ಟು ಹತ್ತಿರದ ಇಬ್ಬರ ನಡುವೆ ಸುದ್ದಿ ಒಯ್ಯುವುದು ನನಗೆ ಎಷ್ಟು ಸಂಕಟವಾಗುತ್ತಿತ್ತೆಂದರೆ, ಅವ್ವನ ಕೈ ಇನ್ನೊಂದು ಸಲ ಬಿದ್ದುಹೋಗಲಿ ಎಂದು ಕೂಡ ಬೇಡಿಕೊಂಡದ್ದುಂಟು.

ನಾನು ಕಾಲೇಜಿಗೆ ಸೇರಿದ ಮೇಲೆ, ಕಾಮಾಲೆ ಬಂದು ಅವ್ವ ಹೋದಳು. ಅಪ್ಪ ಈಗ ನನ್ನ ಜೊತೆ ಮೈಸೂರಿನಲ್ಲಿದ್ದಾನೆ. ಮೊನ್ನೆ ಮೊನ್ನೆಯವರೆಗೂ ಆ ಗುಟ್ಟು ನನ್ನದು ಮತ್ತು ಅವ್ವನದು ಮಾತ್ರ ಎಂದುಕೊಂಡಿದ್ದೆ. ಒಂದು ದಿನ ತರಗತಿಯಲ್ಲಿ ಹುಡುಗಿಯೊಬ್ಬಳ ಮಣಿಕಟ್ಟಿನ ಕೆಳಗೆ ಅಂಗೈ ಕೊಟ್ಟು, ಪೂರ್ತಿ ಸಡಿಲ ಬಿಡು, ಈಗ ಎತ್ತು ಎನ್ನುತ್ತಿದ್ದೆ. ಅವಳು ಎತ್ತುವ ಮುಂಚೆಯೇ, ಎತ್ತಬೇಕು ಎಂದುಕೊಂಡ ಕ್ಷಣದಲ್ಲೇ, ನನ್ನ ಅಂಗೈ ಮೇಲಿನ ಭಾರ ಹಗುರಾಯಿತು. ಎಷ್ಟೋ ವರ್ಷದಿಂದ ಮಾಡುತ್ತಿರುವ ಪಾಠ ಅದು. ಅವತ್ತು ಮಾತ್ರ ಅರ್ಧಕ್ಕೆ ನಿಲ್ಲಿಸಿಬಿಟ್ಟೆ. ಸತ್ತ ಕೈಗೂ ಜೀವ ಬಂದ ಕೈಗೂ ತೂಕ ಬೇರೆ. ಎಷ್ಟೇ ಸಡಿಲ ಬಿಟ್ಟರೂ, ಕೋಲು ತಿರುವುವಾಗ ಬೆನ್ನಬದಿಯ ಸ್ನಾಯು ಸುಮ್ಮನಿರುವುದಿಲ್ಲ, ಅದನ್ನು ಬೇಕೆಂದು ಮಲಗಿಸಿಡಲು ಯಾರಿಂದಲೂ ಆಗದು. ಕೆಳಗೆ ಕೈಯಿಟ್ಟವರಿಗೆ ತಿಳಿಯದೆ ಇರಲು ಸಾಧ್ಯವೇ ಇಲ್ಲ.

ಸಂಜೆ ಮನೆಗೆ ಬಂದು, ಕಾಫಿ ಕೊಟ್ಟು, ಅಪ್ಪನ ಪಕ್ಕದಲ್ಲಿ ಕೂತು ಕೇಳಿಯೇಬಿಟ್ಟೆ.

"ಅಪ್ಪ, ಅವ್ವನ ಕೈ ವಾಸಿ ಆಗಿದ್ದು ನಿಂಗೆ ಯಾವಾಗ ಗೊತ್ತಾಯ್ತು? ಆ ಪಾತ್ರೆ ಇಡ್ಕೊಂಡ ದಿನಾನಾ?"

ಅಪ್ಪ ಲೋಟ ಕೆಳಗಿಟ್ಟ. ತನ್ನ ಬಲ ಅಂಗೈಯನ್ನು ಮೇಲೆ ಮಾಡಿ ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡಿದ.

"ಅದ್ಕೂ ಬೋ ಮುಂಚೆ ಕಣವ್ವ. ಅವರೆಕಾಯಿ ಆಗ್ತಾನೆ ಬತ್ತಿತ್ತು. ಒಂದಿಸ ಭಾರ ಕಮ್ಮಿ ಆಗೋಯ್ತು."

"ಮತ್ಯಾಕೆ ಅವ್ವಂಗೆ ಏಳ್ನಿಲ್ಲ?"

"ಏಳುದ್ರೆ ಕೈ ತಗೀಬೇಕಾಗಿತ್ತಲ್ಲವ್ವ."

ಅವನ ಅಂಗೈ ಹಾಗೆಯೇ ಮೇಲಾಗಿ, ಖಾಲಿಯಾಗಿ, ತೊಡೆಯ ಮೇಲಿತ್ತು. ನಾನು ನನ್ನ ಬಲಗೈಯನ್ನು ಅದರ ಮೇಲಿಟ್ಟು ಮಣಿಕಟ್ಟನ್ನು ಸಡಿಲ ಬಿಟ್ಟೆ. ಅಪ್ಪ ಎತ್ತಿ ಹಿಡಿದ.